ಓದಿದ್ದೆಲ್ಲ ಎಲ್ಲಿ ಹೋಯಿತು?

ಎಂಜಿನಿಯರಿಂಗ್ ಕಾಲೇಜು ಸೇರಿ ಒಂದೂವರೆ ತಿಂಗಳಾಗುವಷ್ಟರಲ್ಲಿ ಮೊದಲ ಇಂಟರ್ನಲ್ಸ್ ಮುಗಿದಿರುತ್ತದೆ. ವಾರ ಕಳೆದು ತಿದ್ದಿದ ಬ್ಲೂ ಬುಕ್ ಕೈಗೆ ಬರುತ್ತದೆ. ಪಿಯುಸಿಯಲ್ಲಿ ಗಣಿತಕ್ಕೆ 95 ತೆಗೆದ ಹುಡುಗಿಯ ಬ್ಲೂ ಬುಕ್ಕಿನ ಮೇಲೆ ಕೆಂಪು ಶಾಯಿಯಲ್ಲಿ 11 ಎಂದಿರುತ್ತದೆ. ಹದಿನೈದಕ್ಕಲ್ಲ, ಐವತ್ತಕ್ಕೆ. ಆ ಸಂಜೆ ಹಾಸ್ಟೆಲು, ಪಿಜಿಗಳಿಂದ ಊರಿಗೆ ಹೋಗುವ ಫೋನುಗಳಲ್ಲಿ ಇಂಟರ್ನಲ್ಸ್ ಸುದ್ದಿಯೇ ಎತ್ತದವರು ಕೆಲವರು. ಎತ್ತಿದವರು ಹೇಳುವುದು ಒಂದೇ ಮಾತು: ‘ಎಲ್ಲಾ ಓದಿದ್ದೆ ಅಮ್ಮಾ, ಬರೆಯೋಕೆ ಕೂತ್ರೆ ಒಂದೂ ನೆನಪಿಗೆ ಬರ್ಲಿಲ್ಲ.’

ಇದನ್ನು ನೆಪ ಎಂದು ತಳ್ಳಿಹಾಕುವವರೇ ಹೆಚ್ಚು. ಮೊಬೈಲು, ಸಿಟಿಯ ಗಾಳಿ, ಸಹವಾಸ ಎಂದು ಕಾರಣಗಳು ಮನೆಯಲ್ಲಿ ಮೊದಲೇ ಸಿದ್ಧವಾಗಿರುತ್ತವೆ. ಕೆಲವರ ಮಟ್ಟಿಗೆ ಅದು ನಿಜವೂ ಹೌದು. ಆದರೆ ಆ ಹುಡುಗಿ ಸುಳ್ಳು ಹೇಳುತ್ತಿಲ್ಲ. ನೋಟ್ಸನ್ನು ಮೂರು ಸಲ ತಿರುವಿ ಹಾಕಿದ್ದಾಳೆ, ಹಳದಿ ಹೈಲೈಟರಿನಲ್ಲಿ ಗೆರೆ ಎಳೆದಿದ್ದಾಳೆ, ಯೂಟ್ಯೂಬಿನಲ್ಲಿ ಅದೇ ಪಾಠದ ವಿಡಿಯೊ ನೋಡಿ ತಲೆದೂಗಿದ್ದಾಳೆ. ದುಡಿಮೆಗೇನೂ ಕೊರತೆಯಾಗಿಲ್ಲ, ದುಡಿದ ರೀತಿ ತಪ್ಪಾಗಿದೆ. ಮೊದಲ ವರ್ಷದವರ ಒತ್ತಡದ ಮಾತು ಬಂದರೆ ನಾವು ಯೋಗ, ಧ್ಯಾನ, ಧೈರ್ಯ ತುಂಬುವ ಭಾಷಣ ಎಂದು ಹೊರಡುತ್ತೇವೆ. ಅದಕ್ಕೂ ಮೊದಲು ಕೇಳಬೇಕಾದದ್ದೊಂದಿದೆ. ಓದುವುದು ಹೇಗೆಂದು ಈ ಮಕ್ಕಳಿಗೆ ಯಾರಾದರೂ ಹೇಳಿಕೊಟ್ಟಿದ್ದಾರೆಯೇ?

ಪಿಯುಸಿಯಲ್ಲಿ ಇದೇ ಹುಡುಗಿ ಹೇಗೆ ಓದುತ್ತಿದ್ದಳು ನೋಡಿ. ಕಾಲೇಜಿನಲ್ಲಿ ಯೂನಿಟ್ ಟೆಸ್ಟು, ಟ್ಯೂಷನ್ನಿನಲ್ಲಿ ವಾರವಾರವೂ ಟೆಸ್ಟು, ಮಿಡ್ ಟರ್ಮು, ಪ್ರಿಪರೇಟರಿ, ಅದರ ಮೇಲೆ ಹಳೆಯ ಪ್ರಶ್ನೆಪತ್ರಿಕೆಗಳು. ಒಂದೇ ಅಧ್ಯಾಯವನ್ನು ನಡುನಡುವೆ ಕೆಲವು ವಾರ ಬಿಟ್ಟು, ಪುಸ್ತಕ ನೋಡದೆ ಮತ್ತೆ ಮತ್ತೆ ಬರೆಯುವ ಪ್ರಸಂಗವನ್ನು ಮೇಷ್ಟ್ರುಗಳೇ ತಂದಿಡುತ್ತಿದ್ದರು. ಆಗ ಅದು ಕಾಟ ಎನಿಸಿತ್ತು. ಪಾಠ ತಲೆಯಲ್ಲಿ ಉಳಿದದ್ದು ಆ ಕಾಟದಿಂದಲೇ. ಎಂಜಿನಿಯರಿಂಗಿಗೆ ಬಂದ ಮೇಲೆ ವಾರದ ಟೆಸ್ಟು ನಿಂತಿತು, ಹೋಂವರ್ಕ್ ನೋಡುವವರಿಲ್ಲ, ಹಾಜರಿ ಒಂದು ಸರಿಯಿದ್ದರೆ ಉಳಿದದ್ದನ್ನು ಯಾರೂ ಕೇಳುವುದಿಲ್ಲ. ಕಾಟ ತಪ್ಪಿತು ಎಂದು ಹುಡುಗರು ಖುಷಿಪಡುವ ಹೊತ್ತಿನಲ್ಲಿ ಅವರ ಕೈಯಲ್ಲಿ ಉಳಿದಿರುವುದು ನೋಟ್ಸು ತಿರುವುವ ಅಭ್ಯಾಸ ಮಾತ್ರ.

ಪರೀಕ್ಷೆಯ ಸ್ವರೂಪವೂ ಬೇರೆ. ಕೆಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ನಾಲ್ಕರಲ್ಲಿ ಸರಿಯಾದ ಉತ್ತರವನ್ನು ಗುರುತು ಹಿಡಿದರೆ ಸಾಕು. ವಿಟಿಯುವಿನ ಗಣಿತ, ಭೌತವಿಜ್ಞಾನದಂಥ ಪತ್ರಿಕೆಗೆ ಮೂರು ಗಂಟೆ. ಐದು ಮಾಡ್ಯೂಲು, ಪ್ರತಿಯೊಂದರಿಂದ 20 ಅಂಕದ ಎರಡು ಪ್ರಶ್ನೆ, ಅದರಲ್ಲೊಂದನ್ನು ಖಾಲಿ ಹಾಳೆಯ ಮೇಲೆ ಮೊದಲಿನಿಂದ ಕೊನೆಯವರೆಗೆ ಬರೆಯಬೇಕು. ಕಂಡದ್ದನ್ನು ಗುರುತು ಹಿಡಿಯುವುದಕ್ಕೂ, ಎದುರಿಗೆ ಏನೂ ಇಲ್ಲದಾಗ ನೆನಪಿನಿಂದ ಹೊರತೆಗೆಯುವುದಕ್ಕೂ ಬಹಳ ಅಂತರವಿದೆ. ನೋಟ್ಸನ್ನು ಮೂರನೇ ಸಲ ಓದುವಾಗ ಪ್ರತಿ ಸಾಲೂ ಪರಿಚಿತವಾಗಿ ಕಾಣುತ್ತದೆ. ಆ ಪರಿಚಯವನ್ನೇ ಹುಡುಗರು ‘ಬಂತು’ ಎಂದುಕೊಳ್ಳುತ್ತಾರೆ. ಒಬ್ಬಟ್ಟು ಮಾಡುವ ವಿಡಿಯೊವನ್ನು ಹತ್ತು ಸಲ ನೋಡಿದವರಿಗೂ ಮೊದಲ ಒಬ್ಬಟ್ಟು ತಟ್ಟುವಾಗ ಹೂರಣ ಹೊರಗೆ ಬರುವುದು ತಪ್ಪುವುದಿಲ್ಲ.

ಇದು ಬರೀ ಅಂದಾಜಿನ ಮಾತಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕಾಲೇಜು ವಿದ್ಯಾರ್ಥಿಗಳಿಗೆ ವಿಜ್ಞಾನದ ಸಣ್ಣ ಲೇಖನ ಕೊಟ್ಟು, ಒಂದು ಗುಂಪಿಗೆ ನಾಲ್ಕು ಸರದಿ ಕೂತು ಅದನ್ನೇ ಓದಲು ಹೇಳಿದರು. ಇನ್ನೊಂದು ಗುಂಪು ಮೊದಲ ಸರದಿಯಲ್ಲಷ್ಟೇ ಓದಿತು. ಉಳಿದ ಮೂರರಲ್ಲೂ ಲೇಖನ ನೋಡದೆ, ನೆನಪಿಗೆ ಬಂದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ನಾಲ್ಕು ಸರದಿ ಓದಿದವರೇ ಮುಂದು. ಅವರಿಗೆ ಶೇ 83ರಷ್ಟು ನೆನಪಿತ್ತು, ಬರೆದವರಿಗೆ ಶೇ 71. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಲೆಕ್ಕ ತಲೆಕೆಳಗಾಯಿತು. ಓದಿದವರಲ್ಲಿ ಉಳಿದದ್ದು ಶೇ 40, ಬರೆದವರಲ್ಲಿ ಶೇ 61. ‘ವಾರದ ನಂತರ ನಿಮಗೆಷ್ಟು ನೆನಪಿರಬಹುದು’ ಎಂದು ಮೊದಲೇ ಕೇಳಿದ್ದರು. ಹೆಚ್ಚು ಭರವಸೆಯಿಂದ ಉತ್ತರ ಕೊಟ್ಟವರು ನಾಲ್ಕು ಸರದಿ ಓದಿದವರು. ನಮ್ಮ ಹುಡುಗಿಯ ಕಥೆ ಇಷ್ಟರಲ್ಲೇ ಇದೆ. ಹಿಂದಿನ ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ಅವಳಿಗಿದ್ದ ಧೈರ್ಯವೂ ಸುಳ್ಳಲ್ಲ, ಪರೀಕ್ಷಾ ಕೊಠಡಿಯ ಕತ್ತಲೆಯೂ ಸುಳ್ಳಲ್ಲ.

ಮರೆವಿನ ವೇಗದ ಬಗ್ಗೆ ಇನ್ನೂ ಹಳೆಯ ಲೆಕ್ಕವಿದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ತನ್ನ ಮರೆವನ್ನೇ ಅಳೆದು 1885ರಲ್ಲಿ ಪುಸ್ತಕ ಬರೆದ. ಒಂದು ದಿನ ಕಳೆಯುವಷ್ಟರಲ್ಲಿ ಕಲಿತದ್ದರ ಮೂರನೇ ಎರಡು ಭಾಗ ಜಾರಿಹೋಗುತ್ತಿತ್ತು. ಅಚ್ಚರಿಯೆಂದರೆ ಅಲ್ಲಿಂದಾಚೆಗೆ ಮರೆವು ನಿಧಾನವಾಗುತ್ತದೆ, ತಿಂಗಳ ನಂತರವೂ ಐದನೇ ಒಂದು ಭಾಗ ಉಳಿದಿತ್ತು. ಅರ್ಥವಿರುವ ಪಾಠ ಇಷ್ಟು ಬೇಗ ಮರೆಯುವುದಿಲ್ಲ, ಆದರೂ ಮೊದಲ ಒಂದೆರಡು ದಿನವೇ ಹೆಚ್ಚು ನಷ್ಟದ ದಿನಗಳು ಎಂಬುದು ಅದಕ್ಕೂ ಸಲ್ಲುತ್ತದೆ. ಸೋಮವಾರದ ಪಾಠವನ್ನು ಸೋಮವಾರ ರಾತ್ರಿ ಕಾಲು ಗಂಟೆ, ಗುರುವಾರ ಹತ್ತು ನಿಮಿಷ, ಮುಂದಿನ ವಾರ ಇನ್ನೊಮ್ಮೆ ನೋಟ್ಸು ಮುಚ್ಚಿ ಬರೆದವನಿಗೆ ಇಂಟರ್ನಲ್ಸ್ ಹಿಂದಿನ ರಾತ್ರಿ ಹೊಸದಾಗಿ ಓದುವುದು ಅಷ್ಟೇನೂ ಉಳಿದಿರುವುದಿಲ್ಲ.

ಮುಚ್ಚಿ ಬರೆಯುವುದೆಂದರೆ ಏನೆಂದು ಹತ್ತಿರದಿಂದಲೇ ನೋಡೋಣ. ಮೊದಲ ಸೆಮಿಸ್ಟರಿನ ಗಣಿತದಲ್ಲಿ, ಅಂದರೆ ಹುಡುಗರ ಮಾತಿನ ಎಂ-ಒನ್‌ನಲ್ಲಿ, ಪೋಲಾರ್ ಕರ್ವ್ಸ್ ಬರುತ್ತದೆ. ಕಾರ್ಡಿಯಾಯ್ಡ್ ಎಂಬ ಹೃದಯಾಕಾರದ ರೇಖೆಗೆ ಎಳೆದ ಟ್ಯಾಂಜೆಂಟು, ರೇಡಿಯಸ್ ವೆಕ್ಟರಿನೊಂದಿಗೆ ಎಷ್ಟು ಕೋನ ಮಾಡುತ್ತದೆ ಎಂದು ಕಂಡುಹಿಡಿಯಬೇಕು. ಮೇಷ್ಟ್ರು ಬೋರ್ಡಿನ ಮೇಲೆ ಏಳೆಂಟು ಸಾಲಿನಲ್ಲಿ ಮುಗಿಸುತ್ತಾರೆ, ನೋಟ್ಸಿನಲ್ಲಿ ಓದಿದರೆ ಎಲ್ಲವೂ ಸಲೀಸು. ಈಗ ನೋಟ್ಸು ಮುಚ್ಚಿ, ರಫ್ ಹಾಳೆಯ ಮೇಲೆ ‘ಆರ್ = ಎ (1 + ಕಾಸ್ ಥೀಟಾ)’ ಎಂದು ಬರೆದು ಶುರುಮಾಡಿ. ಡಿಫರೆನ್ಷಿಯೇಟ್ ಮಾಡುವುದು ಒಂದು ಸಾಲಿನ ಕೆಲಸ, ಅದು ಬರುತ್ತದೆ. ನಂತರ 1 + ಕಾಸ್ ಥೀಟಾವನ್ನು ಸೈನ್ ಥೀಟಾದಿಂದ ಭಾಗಿಸಿ, ಹಿಂದೊಂದು ಮೈನಸ್ ಹಾಕಿದ ರೂಪ ಸಿಗುತ್ತದೆ. ಪೆನ್ನು ಅಲ್ಲಿ ನಿಲ್ಲುತ್ತದೆ. ಮುಂದಿನ ಹೆಜ್ಜೆಗೆ ಬೇಕಾದದ್ದು ಫಸ್ಟ್ ಪಿಯುಸಿಯಲ್ಲಿ ಕಲಿತು ಬಿಟ್ಟ ಅರ್ಧಕೋನದ ಸೂತ್ರ: 1 + ಕಾಸ್ ಥೀಟಾ ಎಂದರೆ ಥೀಟಾ ಬೈ 2ರ ಕಾಸ್ ಸ್ಕ್ವೇರಿನ ಎರಡರಷ್ಟು. ಅದು ಹೊಳೆದರೆ ಕೆಳಗಿನ ಸೈನ್ ಥೀಟಾ ಕೂಡ ಒಡೆದು, ಎರಡೇ ಸಾಲಿನಲ್ಲಿ ಉತ್ತರ ಬೀಳುತ್ತದೆ: 90 ಡಿಗ್ರಿ ಕೂಡಿಸು ಥೀಟಾದ ಅರ್ಧ.

ಪೆನ್ನು ನಿಂತ ಆ ಜಾಗಕ್ಕೆ ಬಹಳ ಬೆಲೆಯಿದೆ. ಅಲ್ಲಿಯವರೆಗೆ ನಮ್ಮ ಹುಡುಗಿಯ ತಲೆಯಲ್ಲಿದ್ದದ್ದು ‘ನನಗೆ ಎಂ-ಒನ್ ಹತ್ತುವುದಿಲ್ಲ’ ಎಂಬ ಭಯ. ಈಗ ಕೈಯಲ್ಲಿರುವುದು ‘ನನಗೆ ಒಂದು ತ್ರಿಕೋನಮಿತಿ ಸೂತ್ರ ಮರೆತಿದೆ’ ಎಂಬ ಸಂಗತಿ. ಮೊದಲನೆಯದನ್ನು ಹೊತ್ತುಕೊಂಡು ನಿದ್ದೆ ಬರುವುದಿಲ್ಲ. ಎರಡನೆಯದಕ್ಕೆ ಅರ್ಧ ಗಂಟೆ ಸಾಕು, ಬೇಕಿದ್ದರೆ ಪಕ್ಕದ ರೂಮಿನವಳನ್ನು ಕೇಳಿದರೂ ಆಯಿತು. ಕಲಿಕೆ ಮತ್ತು ಒತ್ತಡ ಎಂದು ನಾವು ಎರಡು ಖಾನೆ ಮಾಡಿಟ್ಟಿರುವುದು ಬಹುತೇಕ ಒಂದೇ ಖಾನೆ ಎಂಬುದು ನನ್ನ ವಾದ. ಹೆಸರಿಲ್ಲದ ಕೊರತೆ ಕಾಡುತ್ತದೆ. ಅದಕ್ಕೊಂದು ಹೆಸರು ಸಿಕ್ಕಿದೊಡನೆ ಅದು ಮಾಡಿ ಮುಗಿಸುವ ಕೆಲಸವಾಗುತ್ತದೆ.

ಆದರೆ ಹೀಗೆ ಓದುವಾಗ ಮನಸ್ಸಿಗೆ ಹಿತವಿರುವುದಿಲ್ಲ. ಇದನ್ನು ಮಕ್ಕಳಿಗೆ ಮುಂಚಿತವಾಗಿ ಹೇಳಲೇಬೇಕು, ಇಲ್ಲವಾದರೆ ಎರಡನೇ ದಿನಕ್ಕೇ ಬಿಡುತ್ತಾರೆ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕ ಮಾಡಿದರು. ಒಂದೊಂದು ಬಗೆಯನ್ನು ಒಟ್ಟಿಗೆ ಮುಗಿಸಿದವರು ಅಭ್ಯಾಸದ ಹೊತ್ತಿನಲ್ಲಿ ಶೇ 89ರಷ್ಟು ಸರಿ ಮಾಡಿದರು. ಎಲ್ಲವನ್ನೂ ಕಲಸಿ ಮಾಡಿದವರದು ಶೇ 60. ವಾರದ ನಂತರ ಅದೇ ಬಗೆಯ ಲೆಕ್ಕಗಳ ಪರೀಕ್ಷೆ ನಡೆದಾಗ ಒಟ್ಟೊಟ್ಟಿಗೆ ಮಾಡಿದವರು ಶೇ 20ಕ್ಕೆ ಕುಸಿದರು, ಕಲಸಿ ಮಾಡಿದವರು 63ರಲ್ಲಿ ನಿಂತರು. ಪರೀಕ್ಷೆಯಲ್ಲಿ ಯಾವ ಲೆಕ್ಕಕ್ಕೆ ಯಾವ ವಿಧಾನ ಎಂದು ಆರಿಸುವುದೇ ಮುಖ್ಯ ಕೆಲಸ, ಒಂದೇ ಬಗೆಯನ್ನು ಸಾಲಾಗಿ ಮಾಡುವವನಿಗೆ ಆ ಅಭ್ಯಾಸವೇ ಆಗಿರುವುದಿಲ್ಲ. ತಡವರಿಸುತ್ತ ಮಾಡಿದ ಲೆಕ್ಕ ನಿಲ್ಲುತ್ತದೆ, ಸರಾಗವಾಗಿ ಬಂದದ್ದು ಹಾರಿಹೋಗುತ್ತದೆ.

ಸೀನಿಯರುಗಳಿಂದ ಬಳುವಳಿಯಾಗಿ ಬರುವ ‘ಪಾಸಿಂಗ್ ಪ್ಯಾಕೇಜ್’ ಬಗ್ಗೆಯೂ ಒಂದು ಮಾತು. ಯಾವ ಮಾಡ್ಯೂಲ್ ಬಿಡಬೇಕು, ಯಾವ ಪ್ರಶ್ನೆ ಪದೇಪದೇ ಬಂದಿದೆ ಎಂಬ ಪಿಡಿಎಫ್ ಅದು. ಅದರಿಂದ ಪಾಸಾದವರಿದ್ದಾರೆ, ಸುಳ್ಳೇಕೆ ಹೇಳಲಿ. ಆದರೆ ಮೊದಲ ಸೆಮಿಸ್ಟರಿನಲ್ಲಿ ಬಿಟ್ಟ ಗಣಿತ ಮೂರನೇ ಸೆಮಿಸ್ಟರಿನ ಪುಸ್ತಕದೊಳಗೆ ಬಂದು ಕೂತಿರುತ್ತದೆ. ಈಚೆಗೆ ಇದಕ್ಕೆ ಎಐ ಸೇರಿದೆ. ಚಾಟ್‌ಜಿಪಿಟಿಗೆ ‘ಇದನ್ನು ಸುಲಭವಾಗಿ ವಿವರಿಸು’ ಎಂದು ಕೇಳಿ ತಲೆದೂಗುವುದಕ್ಕೂ ಯೂಟ್ಯೂಬ್ ನೋಡುವುದಕ್ಕೂ ವ್ಯತ್ಯಾಸವಿಲ್ಲ. ‘ಈ ಪಾಠದ ಮೇಲೆ ಹತ್ತು ಪ್ರಶ್ನೆ ಕೇಳು, ಉತ್ತರ ಈಗಲೇ ಹೇಳಬೇಡ’ ಎಂದು ಕೇಳಿದರೆ ಅದೇ ಯಂತ್ರ ವಾರದ ಟೆಸ್ಟು ಕೊಡುವ ಮೇಷ್ಟ್ರಾಗುತ್ತದೆ.

ನಿದ್ದೆಯ ವಿಷಯದಲ್ಲಿ ಹುಡುಗರ ಲೆಕ್ಕ ಬೇರೆಯೇ ಇರುತ್ತದೆ. ತಿಂಗಳೆಲ್ಲ ಎರಡು ಗಂಟೆಯವರೆಗೆ ರೀಲ್ಸು, ಪರೀಕ್ಷೆಯ ಹಿಂದಿನ ದಿನ ಮಾತ್ರ ಅಮ್ಮನ ಬುದ್ಧಿಮಾತಿನಂತೆ ಹತ್ತು ಗಂಟೆಗೆ ಮಲಗುವುದು. ಎಂಐಟಿಯಲ್ಲಿ ರಸಾಯನಶಾಸ್ತ್ರದ ಪ್ರಾಥಮಿಕ ಕೋರ್ಸಿನ ವಿದ್ಯಾರ್ಥಿಗಳ ಕೈಗೆ ಸೆಮಿಸ್ಟರಿನುದ್ದಕ್ಕೂ ಫಿಟ್‌ಬಿಟ್ ಕಟ್ಟಿ ನಡೆಸಿದ ಅಧ್ಯಯನ 2019ರಲ್ಲಿ ಹೊರಬಂತು. ಪರೀಕ್ಷೆಯ ಹಿಂದಿನ ಒಂದು ರಾತ್ರಿಯ ನಿದ್ದೆಗೂ ಅಂಕಕ್ಕೂ ಸಂಬಂಧ ಕಾಣಲಿಲ್ಲ. ಆ ಪಾಠಗಳನ್ನು ಕಲಿಯುತ್ತಿದ್ದ ವಾರ, ತಿಂಗಳುಗಳ ನಿದ್ದೆಗೆ ಮಾತ್ರ ಸ್ಪಷ್ಟ ಸಂಬಂಧವಿತ್ತು. ಹೆಚ್ಚು ಹೊತ್ತು, ದಿನವೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಮಲಗಿದವರ ಅಂಕ ಮೇಲಿತ್ತು. ಕೊನೆಯ ರಾತ್ರಿಯ ನಿದ್ದೆಯಿಂದ ಹಳೆಯ ಬಾಕಿ ತೀರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಓದಿನ ವಿಧಾನವೊಂದರಿಂದಲೇ ಕರಗದ ಒತ್ತಡ ಉಳಿಯುತ್ತದೆ. ‘ನಾನು ಈ ಜಾಗಕ್ಕೆ ಸೇರಿದವನಲ್ಲ’ ಎಂಬ ಅನುಮಾನ ಅದು. ಊರಿನಲ್ಲಿ ಕ್ಲಾಸಿಗೇ ಮೊದಲಿಗರಾಗಿದ್ದ 60 ಮಂದಿಯನ್ನು ಒಂದು ಸೆಕ್ಷನ್ನಿಗೆ ಹಾಕಿದರೆ ಅವರಲ್ಲಿ 30 ಮಂದಿ ಕೆಳಗಿನ ಅರ್ಧದಲ್ಲಿ ಇರಲೇಬೇಕು. ಇದು ಬರೀ ಅಂಕಗಣಿತ. ಅದನ್ನು ಅವಮಾನ ಎಂದುಕೊಂಡು ಒಳಗೊಳಗೇ ಕುಗ್ಗುವ ಹುಡುಗನಿಗೆ ಇಷ್ಟನ್ನಾದರೂ ಯಾರೋ ಹೇಳಬೇಕು.

ಕನ್ನಡ ಮಾಧ್ಯಮದಿಂದ ಬಂದವರಲ್ಲಿ ಈ ಅನುಮಾನ ಇಮ್ಮಡಿ. ಸಿಇಟಿಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಸೀಟು ಕೊಟ್ಟಲ್ಲಿಗೆ ನಮ್ಮ ವ್ಯವಸ್ಥೆಯ ಕೆಲಸ ಮುಗಿಯುತ್ತದೆ. ಕ್ಲಾಸಿನಲ್ಲಿ ಮೇಷ್ಟ್ರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದೂ ತಲೆ ತಗ್ಗಿಸಿ ಕೂರುವ ಹುಡುಗನಿಗೆ ‘ಕನ್ನಡ ಮರೆತು ಇಂಗ್ಲಿಷಿನಲ್ಲೇ ಯೋಚಿಸು’ ಎಂದು ಉಪದೇಶಿಸುವವರಿಗೇನೂ ಕೊರತೆಯಿಲ್ಲ. ಇಂಥ ಕೆಟ್ಟ ಸಲಹೆ ಇನ್ನೊಂದಿಲ್ಲ. ಪಾಠವನ್ನು ಕನ್ನಡದಲ್ಲಿ ಗೆಳೆಯನಿಗೆ ವಿವರಿಸಲಿ. ವಿವರಿಸಲು ಬಂದರೆ ಅರ್ಥವಾಗಿದೆ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಬರೆಯಲಿ. ಒಂದು ವಿಷಯಕ್ಕೆ ಬೇಕಾದ ಪಾರಿಭಾಷಿಕ ಪದಗಳು ಲೆಕ್ಕವಿಲ್ಲದಷ್ಟೇನೂ ಇರುವುದಿಲ್ಲ, ನೋಟ್‌ಬುಕ್ಕಿನ ಕೊನೆಯ ನಾಲ್ಕು ಪುಟದಲ್ಲಿ ಹಿಡಿಯುತ್ತವೆ. ಎಐಸಿಟಿಇ ತನ್ನ ಇ-ಕುಂಭ ಜಾಲತಾಣದಲ್ಲಿ ಎಂಜಿನಿಯರಿಂಗ್ ಪಠ್ಯಪುಸ್ತಕಗಳನ್ನು ಕನ್ನಡದಲ್ಲೂ ಉಚಿತವಾಗಿ ಇಟ್ಟಿದೆ. ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿಟ್ಟು ಓದಲು ಅವು ಒದಗುತ್ತವೆ. ಈ ಸಂಗತಿ ಗೊತ್ತಿರುವ ಮೊದಲ ವರ್ಷದ ವಿದ್ಯಾರ್ಥಿಗಳು ಹೆಚ್ಚಿರಲಾರರು.

ಈ ಅನುಮಾನಕ್ಕೂ ಅಧ್ಯಯನದ ಆಧಾರವಿರುವ ಮದ್ದಿದೆ. ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ ಅಮೆರಿಕದ ಕಾಲೇಜೊಂದರ ಮೊದಲ ವರ್ಷದವರಿಗೆ ಸೀನಿಯರುಗಳ ಅನುಭವಗಳನ್ನು ಓದಲು ಕೊಟ್ಟರು. ಶುರುವಿನಲ್ಲಿ ತಾವೂ ಇಲ್ಲಿಗೆ ಸಲ್ಲದವರು ಎನಿಸಿತ್ತು, ಹೋಗುತ್ತಾ ಹೋಗುತ್ತಾ ಅದು ಕಳೆಯಿತು ಎಂಬುದು ಆ ಬರಹಗಳ ಸಾರ. ಓದಿದವರು ಅದನ್ನು ತಮ್ಮ ಅನುಭವದೊಂದಿಗೆ ಸೇರಿಸಿ, ಮುಂದೆ ಬರುವವರಿಗಾಗಿ ಬರೆಯಬೇಕಿತ್ತು. ಒಟ್ಟು ಒಂದು ಗಂಟೆಯ ಕೆಲಸ. ಮುಂದಿನ ಮೂರು ವರ್ಷಗಳಲ್ಲಿ ಕಪ್ಪು ವಿದ್ಯಾರ್ಥಿಗಳಿಗೂ ಬಿಳಿಯರಿಗೂ ಅಂಕಗಳಲ್ಲಿದ್ದ ಅಂತರ ಅರ್ಧಕ್ಕೆ ಇಳಿಯಿತು ಎಂದು 2011ರಲ್ಲಿ ವರದಿಯಾಯಿತು. ಆಮೇಲೆ 22 ಸಂಸ್ಥೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಸಿ ನೋಡಿದಾಗ ಪರಿಣಾಮ ಸಣ್ಣದಾಗಿ ಕಂಡಿತು. ಅದೂ ಅಂಥ ವಿದ್ಯಾರ್ಥಿಗಳಿಗೆ ನಿಜವಾಗಿಯೂ ಜಾಗ ಕೊಡುವ ಕಾಲೇಜುಗಳಲ್ಲಿ ಮಾತ್ರ. ಈ ಎರಡನೇ ಮಾತು ಮುಖ್ಯ. ‘ನೀನು ನಮ್ಮವನೇ’ ಎಂದು ಬರೆದ ಚೀಟಿ ಕೈಗೆ ಕೊಟ್ಟು, ಲ್ಯಾಬಿನಲ್ಲಿ ಅವನ ಇಂಗ್ಲಿಷಿಗೆ ನಕ್ಕರೆ ಚೀಟಿಯಿಂದ ಏನೂ ಆಗುವುದಿಲ್ಲ.

ನಮ್ಮ ಕಾಲೇಜುಗಳಿಗೆ ಇದಕ್ಕೆಲ್ಲ ಸಮಯವಿಲ್ಲ ಎನ್ನುವಂತಿಲ್ಲ. ಎಂಜಿನಿಯರಿಂಗಿಗೆ ಮೂರು ವಾರಗಳ ಇಂಡಕ್ಷನ್ ಕಾರ್ಯಕ್ರಮವನ್ನು ಎಐಸಿಟಿಇ ರೂಪಿಸಿದೆ. ಯುಜಿಸಿ ಕೂಡ 2019ರಲ್ಲಿ ‘ದೀಕ್ಷಾರಂಭ’ ಎಂಬ ಹೆಸರಿನಲ್ಲಿ ಇಂಥದ್ದನ್ನೇ ತಂದಿತು. ಎಷ್ಟೋ ಕಡೆ ಆ ದಿನಗಳು ಅಧ್ಯಕ್ಷರ ಭಾಷಣ, ಪ್ಲೇಸ್‌ಮೆಂಟ್ ಅಂಕಿ, ಹೂಗುಚ್ಛ, ಗ್ರೂಪ್ ಫೋಟೊಗಳಲ್ಲೇ ಕಳೆಯುತ್ತವೆ. ಅದರಲ್ಲಿ ಒಂದು ಗಂಟೆಯನ್ನು, ಮೊದಲ ಇಂಟರ್ನಲ್ಸಿನಲ್ಲಿ ಫೇಲಾಗಿ ಈಗ ಫೈನಲ್ ಇಯರ್ ತಲುಪಿರುವ ನಾಲ್ಕು ಸೀನಿಯರುಗಳಿಗೆ ಕೊಡಲಿ. ಇಂಟರ್ನಲ್ಸ್ ಮುಗಿದ ವಾರ ಇನ್ನೊಂದು ಗಂಟೆ, ‘ಬ್ಲೂ ಬುಕ್ ನೋಡಿ, ಎಲ್ಲಿ ಪೆನ್ನು ನಿಂತಿತು ಹೇಳಿ’ ಎನ್ನುವ ತರಗತಿ ನಡೆಯಲಿ. ಖರ್ಚು ಸೊನ್ನೆ.

ಕೆಲವು ಸಂದರ್ಭಗಳು ಓದಿನ ಮಾತಿಗೆ, ಸೀನಿಯರಿನ ಸಾಂತ್ವನಕ್ಕೆ ನಿಲುಕುವಂಥವಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದಾರೆ. ರೂಂಮೇಟ್ ಎರಡು ವಾರದಿಂದ ಸರಿಯಾಗಿ ಮಲಗುತ್ತಿಲ್ಲ, ಮೆಸ್ಸಿಗೆ ಬರುತ್ತಿಲ್ಲ, ಕ್ಲಾಸು ಬಿಡುತ್ತಿದ್ದಾನೆ, ‘ನಾನಿಲ್ಲದಿದ್ದರೇ ಎಲ್ಲರಿಗೂ ಒಳ್ಳೆಯದು’ ಎಂಬಂಥ ಮಾತಾಡುತ್ತಿದ್ದಾನೆ ಎಂದರೆ ಅದನ್ನು ಮೂಡು ಎಂದು ಬಿಡಬಾರದು. ನೇರವಾಗಿ ಕೇಳಬೇಕು, ಒಬ್ಬನೇ ಬಿಡಬಾರದು, ದೊಡ್ಡವರಿಗೆ ತಿಳಿಸಬೇಕು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮೇಲುಸ್ತುವಾರಿ ನೋಡಿಕೊಳ್ಳುತ್ತದೆ. ತೊಂದರೆ ರ‍್ಯಾಗಿಂಗಿನದಾದರೆ ಯುಜಿಸಿಯ 1800-180-5522 ಇದೆ.

ಕೌನ್ಸೆಲರ್ ಇಡುವುದು ಕಾಲೇಜಿನ ಔದಾರ್ಯದ ವಿಷಯವಾಗಿಯೂ ಈಗ ಉಳಿದಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಅರ್ಹತೆಯುಳ್ಳ ಒಬ್ಬ ಕೌನ್ಸೆಲರನ್ನೋ ಮನಃಶಾಸ್ತ್ರಜ್ಞರನ್ನೋ ಸಮಾಜಕಾರ್ಯಕರ್ತರನ್ನೋ ನೇಮಿಸಲೇಬೇಕು. ಹೊಸದಾಗಿ ಮಕ್ಕಳನ್ನು ಕಾಲೇಜಿಗೆ ಕಳಿಸಿದ ತಂದೆತಾಯಿಗಳೇ, ಈ ಭಾನುವಾರ ಫೋನಿನಲ್ಲಿ ‘ಎಷ್ಟು ಬಂತು’ ಎಂದು ಕೇಳುವ ಬದಲು ‘ಎಲ್ಲಿ ತಡೆಯಿತು’ ಎಂದು ಕೇಳಿ. ಜೊತೆಗೆ ‘ನಿಮ್ಮ ಕಾಲೇಜಿನ ಕೌನ್ಸೆಲರ್ ಯಾರು, ಯಾವ ರೂಮಿನಲ್ಲಿ ಸಿಗುತ್ತಾರೆ’ ಎಂದೂ ಕೇಳಿ. ಗೊತ್ತಿಲ್ಲ ಎಂಬ ಉತ್ತರ ಬಂದರೆ ಪ್ರಾಂಶುಪಾಲರಿಗೆ ಒಂದು ಪತ್ರ ಬರೆಯಿರಿ. ಶುಲ್ಕ ಕಟ್ಟಿದ ನಿಮಗೆ ಅದನ್ನು ಕೇಳುವ ಹಕ್ಕಿದೆ.